ಆರನೇ ಬೆಡ್ಡಿನ ಕಿಟಕಿ

ಅಪ್ಪಾ,

ಇವತ್ತು ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮ ವಾರ್ಡಿನ ಆರನೇ ಬೆಡ್ ನೆನಪಿದೆಯಾ, ಕಿಟಕಿ ಪಕ್ಕದ್ದು? ಹೊರಗಿನ ಮರ ನೋಡುತ್ತಾ ಮಲಗಿದವರು ಬೇಗ ಚೇತರಿಸಿಕೊಳ್ಳುತ್ತಾರೆ ಅಂತ ನಾವು ನರ್ಸುಗಳು ಅದಕ್ಕೆ 'ಬೇಗ ಮನೆ' ಅಂತಲೇ ಹೆಸರಿಟ್ಟಿದ್ದೆವು.

ಹೊಸ ಮ್ಯಾನೇಜರ್ ಏಸಿ ಹಾಕಿಸುವ ನೆಪದಲ್ಲಿ ಆ ಕಿಟಕಿಗೇ ಹಲಗೆ ಹೊಡೆಸಿದ್ದಾನೆ. ಅದರ ಮೇಲೆ ಕೆರೆಯೂ ಕಾಡೂ ಇರುವ ದೊಡ್ಡ ಚಿತ್ರ, ಅದೂ ತಲೆಕೆಳಗಾಗಿ! ಯಾವುದು ಮರ, ಯಾವುದು ನೀರಿನಲ್ಲಿ ಬಿದ್ದ ನೆರಳು ಅಂತ ಆ ಪುಣ್ಯಾತ್ಮನಿಗೆ ತಿಳಿಯಲಿಲ್ಲ. ಅಲ್ಲಿ ಮಲಗಿದ್ದ ಅಜ್ಜಿ ಕೇಳಿದರು: "ಯಾಕಮ್ಮಾ, ಈ ಬಾತುಕೋಳಿ ಅಂಗಾತ ಈಜ್ತಿದೆ?"

"ಯಾವುದಾದ್ರೇನ್ರೀ ಸಿಸ್ಟರ್, ಹಸಿರು ಹಸಿರೇ ಅಲ್ವಾ?" ಅಂದ ಮ್ಯಾನೇಜರ್.

ಪಿತ್ತ ನೆತ್ತಿಗೇರಿತು. "ಹಾಗಾದ್ರೆ ನಾಳೆಯಿಂದ ನಿಮಗೆ ಊಟದ ಫೋಟೋ ಬಡಿಸ್ಲಾ?" ಅಂತ ಎಲ್ಲರೆದುರಿಗೇ ಕೇಳಿಬಿಟ್ಟೆ.

"ಏಸಿ ಇದ್ದಲ್ಲಿ ಕಿಟಕಿ ಮುಚ್ಚಿರಬೇಕು. ರೂಲ್ಸ್ ಅಂದ್ರೆ ರೂಲ್ಸ್" ಅಂದ.

ಆ ಮಾತು ನನಗೆ ಹೊಸದಲ್ಲ. ನಿನ್ನ ಕೊನೆಯ ಒಂಬತ್ತು ದಿನ ನೀನು ಇದೇ ವಾರ್ಡಿನ ಮೂರನೇ ಬೆಡ್‌ನಲ್ಲಿ ಗೋಡೆ ನೋಡುತ್ತಾ ಮಲಗಿದ್ದೆ. "ಆರು ಖಾಲಿ ಇದೆಯಲ್ಲ ಮಗಳೇ" ಅಂದೆ. ಸ್ವಂತ ಅಪ್ಪನಿಗೆ ಒಳ್ಳೇ ಬೆಡ್ ಕೊಟ್ಟಳು ಅಂತ ಜನ ಆಡಿಕೊಂಡಾರು ಅನ್ನೋ ಭಯಕ್ಕೆ ನಾನೂ ನಿನಗೆ "ರೂಲ್ಸ್ ಅಂದ್ರೆ ರೂಲ್ಸ್" ಅಂದಿದ್ದೆ.

ಸಂಜೆ ಡ್ಯೂಟಿ ಮುಗಿಸಿ, ಸುತ್ತಿಗೆ ತಂದು, ಹಲಗೆ ಕಿತ್ತೆ. ಕೆಲಸ ಹೋದರೆ ಹೋಗಲಿ. ಅಜ್ಜಿಯನ್ನು ದಿಂಬಿಗೆ ಒರಗಿಸಿ ಕೂರಿಸಿದೆ.

ಮರ ಚಿಗುರಿದೆ ಅಪ್ಪಾ. ಮೂರನೇ ಬೆಡ್ಡಿನಿಂದ ಒಂದೆಲೆಯೂ ಕಾಣುವುದಿಲ್ಲ. ನಾನೇ ಮಲಗಿ ನೋಡಿದೆ.