ನಿಮ್ಮ ಹೆಬ್ಬೆರಳಿನ ತಡವರಿಕೆ

ರೀ,

ಎಂಜಿನ್ ಕೋಣೆಯ ಸದ್ದಿನಲ್ಲಿ ಇದನ್ನು ಓದುತ್ತಾ, "ಮೆಸೇಜ್ ಬಿಟ್ಟು ಕಾಗದ ಹಿಡಿದಿದಾಳಲ್ಲ, ಇವಳಿಗೇನು ಬಂತು?" ಎಂದು ಗೊಣಗುತ್ತೀರಿ, ಗೊತ್ತು. ನಿಮ್ಮ ಹಡಗು ಮುಟ್ಟುವ ಮುಂದಿನ ಬಂದರಿಗೆ ನಮ್ಮ ಕಚೇರಿಯವರೊಬ್ಬರು ಹೊರಟಿದ್ದರು, ಅವರ ಕೈಯಲ್ಲಿ ಕೊಟ್ಟಿದ್ದೇನೆ. ಒಂದು ಮಾತು ಕೇಳಬೇಕು. ಮೆಸೇಜಿನಲ್ಲಿ ಕೇಳೋಣವೆಂದರೆ ನಾನೇ ಬರೆದ ಡ್ರೈವರ್ ಅಡ್ಡ ನಿಂತಿದೆ.

ನಡುಸಮುದ್ರದಿಂದಲೂ ನಾಲ್ಕು ಮಾತು ಕಳಿಸಬಹುದಾದ ನಮ್ಮ ಕಂಪನಿಯ ಆ ಅಂಗೈಯಗಲದ ಯಂತ್ರವನ್ನು ಪರೀಕ್ಷೆಯ ನೆಪದಲ್ಲಿ ನಿಮ್ಮ ಚೀಲಕ್ಕೆ ತುರುಕಿದವಳು ನಾನು. ಅದರ ಗುಂಡಿಗಳಿಗೂ ಒಳಗಿನ ಆಪರೇಟಿಂಗ್ ಸಿಸ್ಟಮಿಗೂ ನಡುವೆ ನಿಂತು, ಯಾವ ಗುಂಡಿ ಒತ್ತಿದರೆಂದು ಹೇಳುವ ಪ್ರೋಗ್ರಾಮೇ ಡ್ರೈವರ್. ಸುಲಭದ ಕೆಲಸ ಎಂದುಕೊಂಡಿದ್ದೆ. ಆದರೆ ಗುಂಡಿ ಮಹಾ ತರಲೆ. ಒಮ್ಮೆ ಒತ್ತಿದರೂ ಅದರಡಿಯ ಲೋಹದ ಬಿಲ್ಲೆ ಅದುರಿ ಹಲವು ಸಲ ತಾಗುತ್ತದೆ. ಅದುರಾಟ ನಿಲ್ಲುವ ತನಕ ತಾಳಿ, ಆಮೇಲೆ ಒಂದೇ ಸಲ ಒತ್ತಿದ್ದೆಂದು ಹೇಳಬೇಕು. ನನ್ನ ಮೊದಲ ಡ್ರೈವರಿಗೆ ಆ ತಾಳ್ಮೆ ಇರಲಿಲ್ಲ. ಸಾಲದ್ದಕ್ಕೆ, ಗುಂಡಿಯನ್ನು ಒತ್ತಿ ಹಿಡಿದರೆ ಅದೇ ಅಕ್ಷರವನ್ನು ಸಾಲಾಗಿ ಕಾರುತ್ತಿತ್ತು.

ನಿಮಗೋ, ಕೈ ಇಟ್ಟಲ್ಲೇ ಯೋಚನೆಗೆ ಬೀಳುವ ಅಭ್ಯಾಸ. ಬಾಗಿಲ ಬೆಲ್ ಒತ್ತಿ ಹಿಡಿದು ನಿಂತು ಅತ್ತೆಯಿಂದ ಬೈಸಿಕೊಂಡವರಲ್ಲವೇ ನೀವು? "ಊಟಟ ಆಯ್ತುತು" ಎಂದು ಬಂದರೆ ಮಗಳು ಮನೆಯೆಲ್ಲ ಕೇಳುವಂತೆ ಓದುತ್ತಿದ್ದಳು: "ಅಮ್ಮಾ, ಅಪ್ಪ ಇವತ್ತೂ ತೊದಲಿದಾರೆ!" ಬರಬರುತ್ತಾ ನನಗೆ ಆ ತೊದಲು ಓದಲು ಬಂತು. ಪಾಳಿ ಮುಗಿಸಿ ಸುಸ್ತಾಗಿದ್ದರೆ ಜೋಡಿ ಅಕ್ಷರಗಳು ಹೆಚ್ಚು. "ಏನಿಲ್ಲಲ್ಲಲ್ಲ, ಚೆನ್ನಾಗಿದೀನಿ" ಎಂದು ಬಂದ ದಿನ ನಿಮ್ಮ ಹೆಬ್ಬೆರಳು ಎಲ್ಲಿ ನಿಂತಿತ್ತೆಂದು ನೋಡಿ, "ಏನಾಯ್ತು, ನಿಜ ಹೇಳಿ" ಎಂದು ಕೇಳಿದೆ. ಬಿಸಿ ಕೊಳವೆ ತಾಗಿ ಎಡಗೈ ಸುಟ್ಟಿದೆ ಎಂದು ಮರುದಿನ ನೀವೇ ಒಪ್ಪಿಕೊಂಡಿರಿ.

ನಮ್ಮ ಕಚೇರಿಯ ಮುಖ್ಯಸ್ಥರಿಗೆ ನಾವಿಟ್ಟ ಹೆಸರು ಜರಡಿ, ಏನನ್ನೂ ಸೋಸದೆ ಬಿಡುವವರಲ್ಲ. "ಏನಮ್ಮಾ ಇದು? ಹೀಗೆ ತೊದಲೋ ಯಂತ್ರಾನ ಯಾರು ತಗೋತಾರೆ? ಸರಿಮಾಡು" ಎಂದರು. ಸರಿಮಾಡಿದೆ. ಎಷ್ಟು ನಡುಗಿದರೂ, ಎಷ್ಟು ಹೊತ್ತು ಒತ್ತಿ ಹಿಡಿದರೂ ಒಂದೇ ಅಕ್ಷರ. ಹಿಂದಿನ ಬಂದರಿನಲ್ಲಿ ನೀವು ಆ ಹೊಸ ಡ್ರೈವರನ್ನು ತುಂಬಿಸಿಕೊಂಡಿರಿ. ಜರಡಿಯವರೇ ಭೇಷ್ ಎಂದಾಗ ಹಿಗ್ಗಿ ಹೀರೇಕಾಯಿಯಾದೆ.

ಆಮೇಲೆ ನೀವು ಬರೆದಿರಿ, ಕ್ಯಾಪ್ಟನ್ ಇನ್ನೊಂದು ಯಾನಕ್ಕೂ ನಿಲ್ಲು ಎನ್ನುತ್ತಿದ್ದಾರೆಂದು. "ಮನೆಗೆ ಬರ್ತೀರಾ?" ಎಂದಷ್ಟೇ ಕೇಳಿದೆ. "ಬರ್ತೀನಿ" ಎಂದು ಬಂತು. ಅಚ್ಚು ಹಾಕಿದಂತೆ, ಚೊಕ್ಕವಾಗಿ.

ಮಗಳು ಆಗಲೇ ನಿಮ್ಮ ಕಪಾಟಿನಿಂದ ತನ್ನ ಆಟದ ಸಾಮಾನು ಹೊರಗೆ ಹಾಕುತ್ತಿದ್ದಾಳೆ. ನಾನು ಮಾತ್ರ ಆ ಒಂದು ಪದವನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ. ಥಟ್ಟನೆ ಒತ್ತಿದಿರೋ, ಮೊದಲ ಅಕ್ಷರದ ಮೇಲೇ ಬೆರಳಿಟ್ಟು ಕಿಟಕಿಯಾಚೆಯ ನೀರು ನೋಡುತ್ತಾ ಕೂತಿದ್ದಿರೋ? ನನ್ನ ಡ್ರೈವರ್ ಎಲ್ಲವನ್ನೂ ನುಂಗಿ ತೆಪ್ಪಗೆ ಕೂತಿದೆ. ಹಳೆಯದನ್ನೇ ಮತ್ತೆ ಹಾಕೋಣವೆಂದರೆ, ನಾಳೆ ಅದೇ ಯಂತ್ರದಿಂದ ಬೇರೊಬ್ಬರು ವೈದ್ಯರನ್ನು ಮದ್ದಿನ ಅಳತೆ ಕೇಳಬೇಕಾದೀತು. ಅಲ್ಲಿ ಒಂದು ಅಂಕಿ ಎರಡಾಗಬಾರದು.

ನೀವು ಬೇಕು ರೀ. ಹಾಸಿಗೆಯಲ್ಲಿ ನಿಮ್ಮ ಕಡೆಗೆ ಒಗೆದ ಬಟ್ಟೆಯ ರಾಶಿ ಹಾಕಿಡುತ್ತೇನೆ, ಖಾಲಿ ಕಾಣದಿರಲಿ ಎಂದು. ಬೆಳಿಗ್ಗೆ ಅದನ್ನು ಮಡಚಲು ಮನಸ್ಸು ಬರುವುದಿಲ್ಲ. ಆದರೆ ನನ್ನ ಮುಲಾಜಿಗೆ ಬಂದು, ಅಡುಗೆಮನೆಯ ಕಿಟಕಿಯಲ್ಲಿ ದಿನವೂ ಸಮುದ್ರ ಹುಡುಕುವ ಗಂಡ ಬೇಡ. ಅದನ್ನು ನಾನು ತಾಳಲಾರೆ.

ಈ ಹಾಳೆಯ ಹಿಂಬದಿ ಖಾಲಿ ಬಿಟ್ಟಿದ್ದೇನೆ. ಬರುತ್ತೀರೋ ಇಲ್ಲವೋ, ಪೆನ್ನಿನಲ್ಲಿ ಬರೆದು, ತಂದವರ ಕೈಗೇ ಕೊಡಿ. ಬರೆದು ಹೊಡೆದು ಹಾಕಿದರೆ ಹಾಗೇ ಇರಲಿ, ಬೇರೆ ಹಾಳೆಗೆ ನೀಟಾಗಿ ಇಳಿಸಬೇಡಿ. ಇಲ್ಲ ಎಂದಿದ್ದರೂ ಸರಿ. ನಿಮ್ಮ ಕೈ ಎಲ್ಲಿ ತಡೆಯಿತೆಂದು ನಾನು ನೋಡಬೇಕು.

ಸಮುದ್ರ ನಿಮ್ಮನ್ನು ಕ್ಷೇಮವಾಗಿ ಇಟ್ಟಿರಲಿ, ತಾನೇ ಇಟ್ಟುಕೊಳ್ಳದಿರಲಿ.

ನಿಮ್ಮವಳು