ಹಾರ್ಮೋನಿಯಂಗೆ ಲೋಬಾನ

ಫೆಬ್ರುವರಿ ೯, ಸೋಮವಾರ

ಸಿರುಗುಪ್ಪದಿಂದ ತಂದ ಹಳೆಯ ಹಾರ್ಮೋನಿಯಂನಿಂದ ನಶ್ಯದ ಘಾಟು ಇನ್ನೂ ಹೋಗಿಲ್ಲ. ಮೂರು ದಿನ ಗಾಳಿಗಿಟ್ಟೆ, ಸೋಡಾಪುಡಿಯ ಗಂಟು ಕಟ್ಟಿ ಒಳಗಿಟ್ಟೆ. ಒಂದೊಂದು ಸ್ವರಕ್ಕೂ ಒಂದೊಂದು ಸೀನು. "ವಾಸನಿ ಹೋಗದಿದ್ರ ನಾಳಿ ವಾಪಸ್ ಕೊಟ್ಟು ಬರ್ತೀನಿ" ಅಂದರು ನಮ್ಮವರು.

ಸಂಜೆ ಕೆಂಡದ ಮೇಲೆ ಲೋಬಾನ ಉದುರಿಸಿ, ನೀರೆರೆದ ಕೂಸಿಗೆ ಹಾಕುವ ಹಾಗೆ, ತಿದಿ ತೆರೆದು ಹೊಗೆ ಹಾಕಿದೆ. ಪೆಟ್ಟಿಗೆ ಮೆಲ್ಲಗೆ ಉಸಿರೆಳೆದುಕೊಂಡಿತು.

ಪಕ್ಕದ ಮನೆಯ ದಾಕ್ಷಾಯಣಮ್ಮ ಲಗುಬಗೆಯಿಂದ ಬಂದರು. "ಲೋಬಾನದ ವಾಸನಿ ಬಂತವ್ವ. ಮನ್ಯಾಗ ಕೂಸು ಬಂದೈತೇನು?"

ಮದುವೆಯಾಗಿ ಹದಿನಾರು ವರ್ಷ. ಈ ಮನೆಯಲ್ಲಿ ಆ ಹೊಗೆ ಎದ್ದದ್ದು ಇದೇ ಮೊದಲು. ಸಂಕಟವಾಗಬೇಕಿತ್ತು, ಯಾಕೋ ಆಗಲಿಲ್ಲ.

"ಬಂದೈತ್ರಿ, ಒಳಗ ಬರ್ರಿ" ಅಂದೆ.

ಅವರು ಹಾರ್ಮೋನಿಯಂ ನೋಡಿದರು. ನಗಲಿಲ್ಲ. ಬೆರಳಿಗೆ ಮಸಿ ಹಚ್ಚಿಕೊಂಡು ಅದರ ಅಂಚಿಗೊಂದು ದೃಷ್ಟಿಬೊಟ್ಟು ಇಟ್ಟು ಹೋದರು.

ಈಗ ತಿದಿ ಒತ್ತಿದರೆ ಸ್ವರದ ಜೊತೆ ಬಾಣಂತಿ ಕೋಣೆಯ ವಾಸನೆ ತೇಲಿ ಬರುತ್ತದೆ. ಅದರೊಳಗೆ ನಶ್ಯವೂ ಚೂರು ಇದೆ. ನಮ್ಮವರು ಬಗ್ಗಿ ಮೂಸಿದರು, ಬೊಟ್ಟು ನೋಡಿದರು. ವಾಪಸ್ಸಿನ ಮಾತೇ ಎತ್ತಲಿಲ್ಲ. ತಮ್ಮ ಶಾಲು ತಂದು ಅದಕ್ಕೆ ಹೊದಿಸಿ, ದೀಪ ಸಣ್ಣದು ಮಾಡು ಅಂದರು.