ಪಟ್ಟಿಗೆ ಸೇರದ ಹೆಸರು

ಹೊಸಪೇಟೆ,
೧೧ ಅಕ್ಟೋಬರ್ ೧೯೩೬, ಭಾನುವಾರ

ಚಿರಂಜೀವಿ ಸೌಭಾಗ್ಯವತಿ ಮರುಳಸಿದ್ದಮ್ಮನಿಗೆ ನಿನ್ನ ತಂದೆಯ ಆಶೀರ್ವಾದಗಳು.

ವಿರೂಪಾಕ್ಷನ ದಯೆಯಿಂದ ಇಲ್ಲಿ ಎಲ್ಲರ ದೇಹಸ್ಥಿತಿ ನೆಟ್ಟಗಿದೆ. ಸಂಡೂರಿನಲ್ಲಿ ನೀನೂ ಅಳಿಯಂದಿರೂ ಕ್ಷೇಮವೆಂದು ನಂಬಿದ್ದೇನೆ. ಶ್ರಾವಣದಲ್ಲಿ ಬಂದ ನಿನ್ನ ಪತ್ರಕ್ಕೆ ಈಗ ಉತ್ತರಿಸುತ್ತಿದ್ದೇನೆ. ಎಂಟು ದಿನದೊಳಗೆ ಉತ್ತರ ಬರೆಯತಕ್ಕದ್ದೆಂದು ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು, ಕ್ಷಮಿಸು. ಎರಡು ಸಲ ಬರೆಯಲು ಕುಳಿತೆ, ಎರಡು ಸಲವೂ ಕಾಗದವನ್ನು ಮಡಿಸಿಟ್ಟೆ.

ನಿಮ್ಮದು ರಾಜರ ಸಂಸ್ಥಾನವಾದ್ದರಿಂದ ಈ ಓಟಿನ ಗದ್ದಲ ನಿಮಗೆ ತಟ್ಟಿರಲಾರದು. ಇಲ್ಲಿ ಬರುವ ವರ್ಷ ಮದರಾಸಿನ ಶಾಸನಸಭೆಗೆ ಚುನಾವಣೆ. ಓದುಬರಹ ಬಲ್ಲ ಹೆಂಗಸರಿಗೂ ಈ ಸಲ ಓಟು ಉಂಟು. ನಮ್ಮ ಓಣಿಯ ರೀತಿ ನಿನಗೆ ಗೊತ್ತಿದೆ. ದೊಡ್ಡಬಸಪ್ಪನವರ ಅಕ್ಕಿ ಗಿರಣಿಯ ಕಟ್ಟೆಯಲ್ಲಿ ನಾಲ್ವರು ಹಿರಿಯರು ಕುಳಿತು ಹೇಳಿದ ಹೆಸರಿಗೇ ಓಣಿಯ ಓಟೆಲ್ಲ. ಈ ಸಲ ನಮ್ಮವರೇ ಆದ ಒಬ್ಬ ವ್ಯಾಪಾರಿಯ ಹೆಸರು ಹೇಳಿದ್ದಾರೆ. ಬ್ರಾಹ್ಮಣರ ಕೇರಿ ಬಹುಮಟ್ಟಿಗೆ ಕಾಂಗ್ರೆಸ್ಸಿನ ಕಡೆ. ಗಂಡಸರ ಓಟು ಸಮಸಮವೆಂದು ತೋರಿದ್ದರಿಂದ ಎಲ್ಲರ ಕಣ್ಣೂ ಹೆಂಗಸರ ಮೇಲೆ ಬಿತ್ತು. ಆ ಹೆಂಗಸರು ಯಾರಿಗೆ ಓಟು ಹಾಕುವರೆಂದು ಮಾತ್ರ ಯಾರೂ ಕೇಳಲಿಲ್ಲ. ಗಂಡ ಹಾಕಿದ ಕಡೆಗೇ ಹೆಂಡತಿಯೂ ಹಾಕುತ್ತಾಳೆಂಬುದು ಎರಡೂ ಕೇರಿಯವರು ಚರ್ಚೆಯಿಲ್ಲದೆ ಒಪ್ಪಿಕೊಂಡ ಒಂದೇ ವಿಷಯ.

ಓದಿಸಿ, ಬರೆಯಿಸಿ ನೋಡಿ, ಬಲ್ಲವರ ಹೆಸರಿಗೆ ರುಜು ಹಾಕುವ ಕೆಲಸವನ್ನು ತಾಲ್ಲೂಕು ಕಚೇರಿಯವರು ನನಗೆ ವಹಿಸಿದರು. ಹುಡುಗಿಯರ ಶಾಲೆಯ ಪಡಸಾಲೆಯಲ್ಲಿ ಮೂರು ದಿನ ಕುಳಿತೆ. ಬ್ರಾಹ್ಮಣರ ಕೇರಿಯ ಇಪ್ಪತ್ತಾರು ಮಂದಿ ಓದಿ ಬರೆದರು. ನಮ್ಮ ಓಣಿಯಿಂದ ಮೂವತ್ತನಾಲ್ಕು ಮಂದಿ ಬಂದರು. ಪುರಾಣ ಓದುವವರು ಅನೇಕರಿದ್ದರು, ಬರೆಯಬಲ್ಲವರು ಮೂವರೇ. ಆ ಮೂವರಿಗೇ ರುಜು ಹಾಕಿದೆ.

ದೊಡ್ಡಬಸಪ್ಪನವರು ಶಾಲೆಗೇ ಬಂದರು. "ಏನ್ರಿ ಮೇಷ್ಟ್ರ, ಪರೀಕ್ಷಾ ಮಾಡಾಕ ಕುಂತೀರೋ, ಓಣಿ ಮುಳುಗಸಾಕ ಕುಂತೀರೋ? ಅವರವು ಇಪ್ಪತ್ತಾರು, ನಮ್ಮವು ಮೂರು! ಒಂದು ಗೀಟು ಎಳದ್ರ ಬರದಂಗ ಆತು, ಹಾಕ್ರಿ ರುಜು."

"ಗೀಟು ಅಕ್ಷರವಲ್ಲ," ಎಂದೆ.

ಮೂರನೆಯ ದಿನದ ಸಾಲಿನ ಕೊನೆಯಲ್ಲಿ ನಿನ್ನ ತಾಯಿ ನಿಂತಿದ್ದಳು. ನನಗೆ ಮುಂದಾಗಿ ತಿಳಿಸಿರಲಿಲ್ಲ. ಕೊಟ್ಟ ಪುಟವನ್ನು ಎಲ್ಲಿಯೂ ತಡವರಿಸದೆ ಓದಿದಳು. ಪಾಟಿ ಮುಂದಿಟ್ಟಾಗ ಬಳಪವನ್ನು ಕೆಳಗಿಟ್ಟು ಹೇಳಿದಳು: "ಬರ್ಯಾಕ ಬರಂಗಿಲ್ರಿ. ನಲವತ್ತು ವರ್ಷ ಮೇಷ್ಟ್ರ ಮನ್ಯಾಗ ಅದೀನಿ, ಯಾರೂ ಕಲಿಸಲಿಲ್ಲ."

ಹೆಂಗಸರು ನಕ್ಕರು. ನಾನು ಅವಳ ಹೆಸರನ್ನು ಹೊಡೆದು ಹಾಕಿದೆ. ದೊಡ್ಡಬಸಪ್ಪನವರು, "ಬ್ಯಾರೆ ಗಂಡಸ್ರು ಹೆಣ್ತಿ ಹೆಸರು ಹೇಳಾಕ ನಾಚತಾರ, ನಮ್ಮ ಮೇಷ್ಟ್ರು ಹೊಡದ ಹಾಕ್ಯಾರ ನೋಡ್ರಿ," ಎಂದರು. ಈಗ ಓಣಿಯಲ್ಲಿ ನನ್ನ ನಮಸ್ಕಾರಕ್ಕೆ ಪ್ರತಿನಮಸ್ಕಾರವಿಲ್ಲ. ನಮ್ಮವನು ಸೋತರೆ ಕಾರಣ ನಾನೇ ಎಂದು ಗಿರಣಿಯ ಕಟ್ಟೆಯಲ್ಲಿ ಈಗಲೇ ತೀರ್ಮಾನವಾಗಿದೆ. ಅದನ್ನು ಸಹಿಸಿಕೊಂಡೇನು. ಆ ದಿನ ನನ್ನ ನಿಷ್ಪಕ್ಷಪಾತದ ಬಗ್ಗೆ ಹೆಮ್ಮೆಯಿಂದಲೇ ಮನೆಗೆ ಬಂದೆ.

ಊಟಕ್ಕೆ ಕುಳಿತಾಗ, ಯಾರಿಗೆ ಓಟು ಹಾಕಬೇಕೆಂದಿದ್ದೆ ಎಂದು ಅವಳನ್ನು ಕೇಳಿದೆ.

"ನಿಮಗ್ಯಾಕ ಹೇಳ್ಲಿ? ಗುಟ್ಟಿನ ಪೆಟ್ಟಿಗಿ ಅಂತ ಡಂಗುರ ಸಾರ್ಯಾರಲ್ಲ. ನನ್ನ ಒಂದು ಮಾತಾದ್ರೂ ನಡುವ ಯಾರೂ ಇಲ್ದ ಸೀದಾ ಹೋಗ್ಲಿ ಅಂತ ಬಂದಿದ್ದೆ." ರೊಟ್ಟಿ ಬಡಿಸುತ್ತ ಕೇಳಿದಳು: "ಮಗಳಿಗೆ ಬರೆಯೋ ಕಾಗದದಾಗ ನಾ ಹೇಳಿದ್ದು ಹೇಳಿದಂಗ ಬರೀತಿದ್ರೇನು?"

"ಭಾಷೆಯನ್ನು ತುಸು ತಿದ್ದುತ್ತಿದ್ದೆ," ಎಂದೆ. ಅವಳು ರೊಟ್ಟಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಈಗ ಮಧ್ಯಾಹ್ನದ ಹೊತ್ತು ಬ್ರಾಹ್ಮಣರ ಕೇರಿಯ ಗೋದಾಬಾಯಿಯವರ ಮನೆಗೆ ಪಾಟಿ ಹಿಡಿದು ಹೋಗುತ್ತಾಳೆ. ನಾನೇ ಕಲಿಸುತ್ತೇನೆಂದೆ. "ಬ್ಯಾಡ್ರಿ, ನೀವು ತಿದ್ದತೀರಿ," ಎಂದಳು. ಆದ್ದರಿಂದ ಈ ಪತ್ರದಲ್ಲಿ ನಿನ್ನ ತಾಯಿ ನಿನಗೆಂದು ಹೇಳಿ ಬರೆಸಿದ ಮಾತು ಒಂದೂ ಇಲ್ಲ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಮನಸ್ಸಿಗೆ ನೆಮ್ಮದಿಯನ್ನೂ ದೇಹಕ್ಕೆ ಆರೋಗ್ಯವನ್ನೂ ಆ ಪಂಪಾಪತಿ ಕೊಡಲಿ.

ಇಂತಿ ನಿನ್ನ ತಂದೆ,
ಚನ್ನಯ್ಯ

ತಾ. ಕ. — ಮೂರು ವರ್ಷದ ಹಿಂದೆ ನಿನ್ನ ಕೂಸು ಹೋದಾಗ, ಅತ್ತೆಯ ಮನೆಯಲ್ಲಿ ಯಾರೂ ಮಾತಾಡಿಸುವುದಿಲ್ಲ, ಬರಲೇ ಎಂದು ನೀನು ಬರೆದಿದ್ದೆ. "ತಾಳ್ಮೆಯಿಂದ ಅಲ್ಲಿಯೇ ಇರುವುದು ಶ್ರೇಯಸ್ಕರವೆಂದು ನಿನ್ನ ತಾಯಿಯ ಅಭಿಪ್ರಾಯ" ಎಂದು ನಾನು ಉತ್ತರಿಸಿದೆ. ಅವಳು ಹೇಳಿದ್ದು ಅದಲ್ಲ. "ಇವತ್ತ ಬಂದುಬಿಡವ್ವಾ, ಯಾರ್ನೂ ಕೇಳಬ್ಯಾಡ" ಎಂದಿದ್ದಳು. ನಾಲ್ಕು ಜನ ಏನೆನ್ನುವರೋ ಎಂದು ಅಂಜಿ ನಾನು ಬದಲಿಸಿದೆ. ಅಚ್ಚಿನಕ್ಷರ ಮಾತ್ರ ಬಲ್ಲವಳಿಗೆ ನನ್ನ ಕೂಡುಬರಹ ಓದಲು ಬರುತ್ತಿರಲಿಲ್ಲ. ನೀನು ಬರಲಿಲ್ಲವೆಂದು ಅವಳು, ಕರೆಯಲಿಲ್ಲವೆಂದು ನೀನು, ಹೀಗೆ ಮೂರು ವರ್ಷ ಕಳೆದಿದ್ದೀರಿ. ಇದನ್ನು ಅವಳಿಗೆ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಇದಕ್ಕೆ ಉತ್ತರವನ್ನು ನನಗೆ ಬರೆಯಬೇಡ. ಲಕೋಟೆಯ ಮೇಲೆ ನಿನ್ನ ತಾಯಿಯ ಹೆಸರನ್ನೇ ಹಾಕಿ, ಸೌಭಾಗ್ಯವತಿ ಹಂಪಮ್ಮನವರಿಗೆ ಎಂದು ಬರೆ. ಒಳಗೆ, ನಡೆದದ್ದನ್ನೆಲ್ಲ ದಪ್ಪಕ್ಷರದಲ್ಲಿ, ಅಚ್ಚಿನ ಹಾಗೆ, ಬಿಡಿಬಿಡಿಯಾಗಿ ಬರೆ. ಅವಳೇ ಓದುತ್ತಾಳೆ.